ಯಾವ ‘ನಾಗರಹಾವು’?

ಮುಂಬಯಿಯ ಕಾಲಾಘೋಡಾದಲ್ಲಿದ್ದ ಸಂಗೀತ, ಸಿನಿಮಾ ಡಿಸ್ಕುಗಳ ಅಂಗಡಿ ರಿದಂ ಹೌಸ್ 2016ರಲ್ಲಿ ಬಾಗಿಲು ಮುಚ್ಚಿತು. ಅಂಥ ಅಂಗಡಿಗಳಿಂದ ಮನೆಗೆ ಬಂದ ವಿಸಿಡಿ, ಡಿವಿಡಿಗಳು ಮಾತ್ರ ಮಾಟುಂಗಾದಿಂದ ಡೊಂಬಿವಲಿಯವರೆಗೆ ಎಷ್ಟೋ ಕಪಾಟುಗಳಲ್ಲಿ, ಮಂಚದ ಕೆಳಗೆ ಇನ್ನೂ ಕೂತಿವೆ. ಜೊತೆಗೆ ಎರಡು ಮೂರು ಹಾರ್ಡ್ ಡಿಸ್ಕ್. ಇವಕ್ಕೆಲ್ಲ ಒಂದು ಪಟ್ಟಿ ಮಾಡಲು ಹೊರಟವರು ಮೊದಲು ನೋಡುವುದು ತಂತ್ರಾಂಶದ ಅಂದಚಂದವನ್ನು. ನೋಡಬೇಕಾದ್ದು ಬೇರೆ.

ಕಂಪ್ಯೂಟರಿನಲ್ಲಿರುವ ಕಡತಗಳಿಗೆ ಕೋಡಿ, ಜೆಲ್ಲಿಫಿನ್ ಎಂಬ ತಂತ್ರಾಂಶಗಳಿವೆ. ಡಿಸ್ಕುಗಳನ್ನೂ ಲೆಕ್ಕಕ್ಕಿಡಲು ಜಿಸಿಸ್ಟಾರ್, ಟೆಲಿಕೊ. ಪೋಸ್ಟರು, ತಾರಾಗಣವನ್ನೆಲ್ಲ ಇವು ಅಂತರ್ಜಾಲದ ಯಾವುದಾದರೊಂದು ದತ್ತಸಂಚಯದಿಂದ ತರುತ್ತವೆ. ಅಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆಯಿದೆ. ನಾವು ಕೊಡುವ ಹೆಸರಿನಿಂದ ಆ ಸಂಖ್ಯೆಯನ್ನು ಮುಟ್ಟುವುದೇ ಕಷ್ಟದ ಕೆಲಸ.

‘ನಾಗರಹಾವು’ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಹಾ’ಗೆ ಒಬ್ಬರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಕಳೆಯಬೇಕು, ಬದಲಿಸಬೇಕು ಎಂದು ಎಣಿಸುವ ಅಳತೆಯೊಂದಿದೆ. ಸೋವಿಯತ್ ಗಣಿತಜ್ಞ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟದ್ದು. ಇಲ್ಲಿ ಅಂತರ ಬರೀ ಒಂದು, ಹಾಗಾಗಿ ಈ ಅಳತೆ ಬಳಸುವ ಹುಡುಕಾಟ ದಾರಿ ತಪ್ಪುವುದಿಲ್ಲ. ಆದರೆ ಪುಟ್ಟಣ್ಣ ಕಣಗಾಲರ 1972ರ ಚಿತ್ರಕ್ಕೂ 2016ರ ಕೋಡಿ ರಾಮಕೃಷ್ಣರ ಚಿತ್ರಕ್ಕೂ ಹೆಸರಿನ ಅಂತರ ಸೊನ್ನೆ! ಬೇರೆ ಮಾಡುವುದು ಇಸವಿಯೊಂದೇ. ಕಡತದ ಹೆಸರಿನಲ್ಲಿ ಇಸವಿ ಬರೆಯಿರೆಂದು ಈ ತಂತ್ರಾಂಶಗಳು ಗೋಗರೆಯುವುದು ಅದಕ್ಕೇ. ಉಪೇಂದ್ರರ 2010ರ ಚಿತ್ರದ ಶೀರ್ಷಿಕೆಯಲ್ಲಂತೂ ಅಕ್ಷರವೇ ಇರಲಿಲ್ಲ, ಬರೀ ಕೈಸನ್ನೆ. ಜನ ‘ಸೂಪರ್’ ಎಂದು ಓದಿಕೊಂಡರು. ಅದನ್ನು ಹುಡುಕಲು ಕೊನೆಗೂ ಜನರಿಟ್ಟ ಹೆಸರೇ ಗತಿ.

ಇನ್ನೊಂದು ತೊಡಕು: ಚಿತ್ರ ಬೇರೆ, ಪ್ರತಿ ಬೇರೆ. ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ ಇರಬಹುದು, ಒಂದೇ ಸಿನಿಮಾ ಡಿವಿಡಿಯಲ್ಲೂ ಹಾರ್ಡ್ ಡಿಸ್ಕಿನಲ್ಲೂ ಇರಬಹುದು. ಬಾರ್‌ಕೋಡ್ ಗುರುತಿಸುವುದು ಡಬ್ಬಿಯನ್ನು, ಒಳಗಿನ ಕತೆಯನ್ನಲ್ಲ. ಚಿತ್ರಕ್ಕೊಂದು, ಪ್ರತಿಗೊಂದು ಎಂದು ಎರಡು ಕೋಷ್ಟಕವಿಟ್ಟು ಜೋಡಿಸುವ ತಂತ್ರಾಂಶವೇ ನನ್ನ ಮಟ್ಟಿಗೆ ಸರಿಯಾದದ್ದು. ಪುಟ್ಟಣ್ಣನವರೇ 1974ರಲ್ಲಿ ‘ನಾಗರಹಾವು’ ಚಿತ್ರವನ್ನು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಮಾಡಿದರಲ್ಲ, ಅಂಥ ನಂಟನ್ನು ಬರೆದಿಡಲು ಒಂದು ಖಾಲಿ ಅಂಕಣವೂ ಬೇಕು.

ಬರೆದದ್ದು ನಮ್ಮ ಕೈಯಲ್ಲೇ ಉಳಿಯಬೇಕು. 1990ರ ದಶಕದಲ್ಲಿ ಸಂಗೀತಪ್ರಿಯರು ಸಿಡಿಗಳ ಹಾಡಿನ ಪಟ್ಟಿಯನ್ನು ಪುಕ್ಕಟೆ ಟೈಪಿಸಿ ಸಿಡಿಡಿಬಿ ಎಂಬ ಸಂಚಯ ಕಟ್ಟಿದರು. ಅದು ಮುಂದೆ ಗ್ರೇಸ್‌ನೋಟ್ ಕಂಪನಿಯ ಸೊತ್ತಾಯಿತು. ಪರವಾನಗಿ ಇಲ್ಲದ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು.

ಆದ್ದರಿಂದ ಇಡೀ ಕಪಾಟನ್ನು ತುಂಬಿಸುವ ಮೊದಲು ತಂಟೆಯ ಹೆಸರುಗಳನ್ನೇ ಆರಿಸಿ, ಕನ್ನಡದಲ್ಲೇ ಟೈಪಿಸಿ, ಸಿಎಸ್‌ವಿ ಕಡತವಾಗಿ ಹೊರತೆಗೆದು ಸ್ಪ್ರೆಡ್‌ಶೀಟಿನಲ್ಲಿ ತೆರೆಯಿರಿ. ತಲೆಬುಡವಿಲ್ಲದ ಚಿಹ್ನೆಗಳು ಕಂಡರೆ ಗಾಬರಿ ಬೇಡ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಅವನ್ನು ಸ್ಪ್ರೆಡ್‌ಶೀಟು ಮೂರು ಬೇರೆ ಅಕ್ಷರವೆಂದು ಓದಿರುತ್ತದೆ, ಆಮದು ಮಾಡುವಾಗ ಯುಟಿಎಫ್-8 ಎಂದು ಆರಿಸಿದರೆ ಸರಿಹೋಗುತ್ತದೆ. ಆಮೇಲೂ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಅಕ್ಷರಗಳು ತಂತ್ರಾಂಶದೊಳಗೇ ಕಳೆದುಹೋಗಿವೆ. ಅದನ್ನು ಅಳಿಸಿ ಬೇರೊಂದನ್ನು ನೋಡಿ.