ನಮ್ಮೂರಿನವರಾದರೂ ದಾಖಲೆ ಬೇಕು

ಬೇಲಾಪುರದ ಸಿಬಿಡಿಯಲ್ಲಿ ಕೊಂಕಣ ಭವನ, ಸಿಡ್ಕೊ ಭವನಗಳ ಸುತ್ತಮುತ್ತ ಲೆಕ್ಕಪರಿಶೋಧಕರ ಬೋರ್ಡುಗಳಿಗೆ ಬರವಿಲ್ಲ. ಅವುಗಳಲ್ಲಿ ನನ್ನದೂ ಒಂದು. ನನ್ನ ಕ್ಲೈಂಟ್‌ಗಳಲ್ಲಿ ಹೆಚ್ಚಿನವರು ನೆರೂಳು, ವಾಶಿ, ಪನ್ವೇಲ್ ಕಡೆ ಹೋಟೆಲ್, ಕ್ಯಾಟರಿಂಗ್ ನಡೆಸುವ ಕನ್ನಡಿಗರು. ನಮ್ಮಲ್ಲಿ ವ್ಯವಹಾರ ನಡೆಯುವುದೇ ಊರಿನ ಹೆಸರಿನ ಮೇಲೆ. ‘ಅವರು ನಮ್ಮ ಕುಂದಾಪುರ ಕಡೆಯವರು’ ಎಂದರೆ ಮುಗಿಯಿತು. ಆದರೆ 2023ರ ಮೇ ನಂತರ ಸಿಎ ಆಫೀಸಿನಲ್ಲಿ ಅಷ್ಟು ಸಾಲದು.

ಆ ತಿಂಗಳ 3ರಂದು ಕೇಂದ್ರ ಹಣಕಾಸು ಸಚಿವಾಲಯದ ಅಧಿಸೂಚನೆಯೊಂದು ಸಿಎ, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್‌ಗಳನ್ನು 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ಲೆಕ್ಕ ಬರೆಯುವುದು, ಆಡಿಟ್, ರಿಟರ್ನ್ ಸಲ್ಲಿಕೆ ಇದರಲ್ಲಿ ಬರುವುದಿಲ್ಲ. ಕ್ಲೈಂಟ್ ಪರವಾಗಿ ಆಸ್ತಿಯ ಖರೀದಿ, ಮಾರಾಟ ಮಾಡಿದರೆ, ಅವರ ಹಣ, ಷೇರು, ಬ್ಯಾಂಕ್ ಖಾತೆ ನಿರ್ವಹಿಸಿದರೆ, ಕಂಪನಿ, ಎಲ್‌ಎಲ್‌ಪಿ, ಟ್ರಸ್ಟ್ ಕಟ್ಟಿ ನಡೆಸಿದರೆ ಬರುತ್ತದೆ. ಮೇ 9ರ ಇನ್ನೊಂದು ಅಧಿಸೂಚನೆ, ಕಂಪನಿಗಳಿಗೆ ನೋಂದಾಯಿತ ವಿಳಾಸ ಒದಗಿಸುವ ಕೆಲಸವನ್ನೂ ಸೇರಿಸಿತು.

ಕಳೆದ ವರ್ಷ ಪರಿಚಯದ ಹೋಟೆಲ್ ಮಾಲೀಕರೊಬ್ಬರು ಬಂದರು. ಪನ್ವೇಲ್ ಬಳಿ ಜಾಗ ಕೊಳ್ಳಲು ಎಲ್‌ಎಲ್‌ಪಿ ಮಾಡಬೇಕು, ಹಣ ಪಾವತಿಯನ್ನೂ ನಾನೇ ನೋಡಿಕೊಳ್ಳಬೇಕು, ವಿಳಾಸ ನನ್ನ ಆಫೀಸಿನದು. ಪಾಲುದಾರರು ಯಾರು? ಊರಿನಿಂದ ಬಂದು ಎರಡು ತಿಂಗಳಾದ ಸೋದರಳಿಯ, ಮತ್ತೆ ಗಲ್ಲಾದಲ್ಲಿ ಕೂರುವ ಹುಡುಗ. ಹಾಗಾದರೆ ಹಣ ಯಾರದ್ದೆಂದು ಕೇಳಿದೆ.

‘ಎಂತ ಮಾರಾಯ್ರೆ, ನೀವೂ ಪೊಲೀಸರ ಹಾಗೆ ಕೇಳೋದಾ?’

ಕೇಳಲೇಬೇಕು. ಕಾಗದದ ಮೇಲಿನ ಹೆಸರಿನ ಹಿಂದೆ ಇರುವ ನಿಜವಾದ ಒಡೆಯ ಯಾರೆಂದು ತಿಳಿಯುವುದು ನಮ್ಮ ಕರ್ತವ್ಯ. ಶೇ 10ಕ್ಕಿಂತ ಹೆಚ್ಚು ಪಾಲು ಯಾರದ್ದಿದೆಯೋ ಅವರ ಗುರುತಿನ ದಾಖಲೆ ಬೇಕು. ಹಣ ಎಲ್ಲಿಂದ ಬಂತೆಂದು ನೋಡಬೇಕು, ದಾಖಲೆಗಳನ್ನು 5 ವರ್ಷ ಕಾಪಾಡಬೇಕು. ಅನುಮಾನ ಬಂದರೆ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಕೊಡಬೇಕು, ಕೊಟ್ಟ ಸುದ್ದಿಯನ್ನು ಕ್ಲೈಂಟ್‌ಗೆ ಹೇಳುವಂತಿಲ್ಲ. ಪ್ರತಿ ಲೋಪಕ್ಕೆ 10 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಮುನಿಸಿಕೊಂಡು ಹೋದವರು ವಾರದ ಬಳಿಕ ಕಡತದೊಂದಿಗೆ ಬಂದರು. ಊರಿನಲ್ಲಿ ತಮ್ಮ ತೋಟ ಮಾರಿದ ಕ್ರಯಪತ್ರ, ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಇದ್ದವು. ಸಹಿಗಾಗಿ ತಮ್ಮ ಪದೇ ಪದೇ ಬರುವುದು ತಪ್ಪಲೆಂದು ಹುಡುಗರ ಹೆಸರು ಹಾಕಲು ಹೊರಟಿದ್ದರಂತೆ. ಕೊನೆಗೆ ಅಣ್ಣ ತಮ್ಮಂದಿರೇ ಪಾಲುದಾರರಾದರು, ವಿಳಾಸ ಅವರ ಹೋಟೆಲಿನದ್ದಾಯಿತು.

ಇಲ್ಲಿ ಹಣ ಶುದ್ಧವಾಗಿತ್ತು. ಇಲ್ಲದಿದ್ದರೆ? ನೋಟಿಸ್ ಮೊದಲು ಹೋಗುತ್ತಿದ್ದುದು ಸೋದರಳಿಯನ ಹೆಸರಿಗೆ. ಹಣ ಕಂಡಿರದ ಹುಡುಗ ಹಣದ ಲೆಕ್ಕ ಕೊಡಬೇಕಾಗುತ್ತಿತ್ತು. ಹಣ ಅಕ್ರಮ ವರ್ಗಾವಣೆಯಲ್ಲಿ ತಿಳಿದೂ ಕೈಜೋಡಿಸಿದ್ದು ಸಾಬೀತಾದರೆ 3ರಿಂದ 7 ವರ್ಷ ಕಠಿಣ ಶಿಕ್ಷೆ. ‘ನನಗೆ ಗೊತ್ತಿರಲಿಲ್ಲ’ ಎಂಬುದನ್ನು ನಂಬಿಸುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ.

ಮುಂಬೈ ಕಡೆಗೆ ಹೊಸದಾಗಿ ಬರುವ ನಮ್ಮ ಹುಡುಗರಿಗೆ ಹೇಳುವುದಿಷ್ಟೆ. ಕೆಲಸ ಕೊಡಿಸಿದವರು, ಕೋಣೆ ಕೊಟ್ಟವರು ಕೇಳಿದರೂ ಓದದೆ ಪಾಲುದಾರ, ನಿರ್ದೇಶಕ ಎಂದು ಸಹಿ ಹಾಕಬೇಡಿ. ಡಿಜಿಟಲ್ ಸಹಿಯ ಟೋಕನ್, ಒಟಿಪಿ ಯಾರ ಕೈಗೂ ಕೊಡಬೇಡಿ. ಹಿರಿಯ ಉದ್ಯಮಿಗಳಿಗೂ ಒಂದು ಮಾತು: ನಿಮ್ಮ ಸಿಎ ದಾಖಲೆ ಕೇಳಿದರೆ ಅವಮಾನವೆಂದು ತಿಳಿಯಬೇಡಿ. ಏನನ್ನೂ ಕೇಳದೆ ಸಹಿ ಹಾಕುವವರ ಬಗ್ಗೆಯೇ ಎಚ್ಚರವಿರಲಿ.