ಕೂತು ದುಡಿದವರು, ಹತ್ತಿ ಇಳಿದವರು

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬುದು ಗಾದೆ. ದುಡಿಯದೆ ತಿನ್ನುವವನ ಗಂಟು ಕರಗುತ್ತದೆ ಎಂದು ಹಿರಿಯರು ಸೋಮಾರಿಗಳಿಗೆ ಹೇಳಿದ ಮಾತು ಅದು. ಆದರೆ ಇಂದು ಕೂತೇ ದುಡಿಯುವವರ ಸಂಖ್ಯೆ ದೊಡ್ಡದು. ಬೆಳಿಗ್ಗೆ ವಾಹನದಲ್ಲಿ ಕೂತು ಕಚೇರಿಗೆ ಹೋಗಿ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ರಾತ್ರಿ ಟಿ.ವಿ. ಅಥವಾ ಮೊಬೈಲ್ ನೋಡುತ್ತಾ ಕೂರುವವರನ್ನು ಸೋಮಾರಿಗಳು ಎನ್ನಲಾಗದು. ಅವರ ಗಂಟು ಬೆಳೆಯುತ್ತಲೇ ಇರಬಹುದು. ಕರಗುವುದು ಆರೋಗ್ಯ. ಈ ಮಾತಿಗೆ ಅಂಕಿ ಅಂಶಗಳ ಗಟ್ಟಿ ಆಧಾರ ದೊರೆತದ್ದು ಲಂಡನ್ನಿನ ಬಸ್ಸುಗಳಲ್ಲಿ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದಯಾಘಾತದ ಪ್ರಕರಣಗಳು ಏರುತ್ತಿದ್ದವು. ಕಾರಣ ಮಾತ್ರ ಸ್ಪಷ್ಟವಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಬೇರೆ ಬೇರೆ ಉದ್ಯೋಗದವರಲ್ಲಿ ಈ ರೋಗ ಎಷ್ಟೆಷ್ಟು ಎಂದು ಲೆಕ್ಕ ಹಾಕಲು ಹೊರಟರು. ಅವರು ಆರಿಸಿಕೊಂಡವರಲ್ಲಿ ಲಂಡನ್ ಸಾರಿಗೆಯ ಸುಮಾರು 31 ಸಾವಿರ ನೌಕರರು ಸೇರಿದ್ದರು. ಎಲ್ಲರೂ 35ರಿಂದ 64 ವರ್ಷದೊಳಗಿನ ಗಂಡಸರು.

ಎರಡಂತಸ್ತಿನ ಬಸ್ಸಿನಲ್ಲಿ ಇಬ್ಬರು ನೌಕರರು. ಇಬ್ಬರದೂ ಒಂದೇ ಸಂಸ್ಥೆ, ಒಂದೇ ಮಾರ್ಗ, ಹೆಚ್ಚು ಕಡಿಮೆ ಒಂದೇ ಬಗೆಯ ಬದುಕು. ವ್ಯತ್ಯಾಸ ಇದ್ದದ್ದು ಕೆಲಸದ ರೀತಿಯಲ್ಲಿ. ಚಾಲಕ ತನ್ನ ಪಾಳಿಯ ಶೇ. 90ರಷ್ಟು ಸಮಯ ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ಕೆಳಗೂ ಮೇಲೂ ಓಡಾಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಅದರ ತೀವ್ರತೆಯೂ ಕಡಿಮೆ ಇರುತ್ತಿತ್ತು. ಅಂಚೆ ಇಲಾಖೆಯಲ್ಲೂ ಇದೇ ಕಥೆ. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳು ಕೂತು ಕೆಲಸ ಮಾಡುವ ಗುಮಾಸ್ತರಿಗಿಂತ, ಟೆಲಿಫೋನ್ ಆಪರೇಟರುಗಳಿಗಿಂತ ಸುರಕ್ಷಿತರಾಗಿದ್ದರು.

ಚಾಲಕರು ಮೊದಲೇ ದಪ್ಪಗಿದ್ದವರಿರಬಹುದಲ್ಲ ಎಂಬ ಪ್ರಶ್ನೆ ಸಹಜ. ಮಾರಿಸ್ ತಂಡ ಅದನ್ನೂ ಬಿಡಲಿಲ್ಲ. ಸಂಸ್ಥೆಯೇ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ದಾಖಲೆ ತೆಗೆದು ಪ್ಯಾಂಟಿನ ಸೊಂಟದ ಅಳತೆಗಳನ್ನು ಪರಿಶೀಲಿಸಿತು. ಚಾಲಕರ ಸೊಂಟ ದೊಡ್ಡದು ಎಂಬುದೇನೋ ನಿಜವಾಯಿತು. ಆದರೆ ಸಣಕಲಾಗಿರಲಿ, ದಪ್ಪಗಿರಲಿ, ಓಡಾಡುವ ಕಂಡಕ್ಟರಿಗೆ ಅಪಾಯ ಕಡಿಮೆಯೇ ಎಂಬುದು ಖಚಿತವಾಯಿತು. ದೇಹ ತೆಳ್ಳಗಿದ್ದ ಮಾತ್ರಕ್ಕೆ ಕೂತವನು ಪಾರಾಗುವುದಿಲ್ಲ ಎಂಬುದು ಇದರ ಪಾಠ. 1910ರಲ್ಲಿ ಹುಟ್ಟಿದ ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಕಾಲು ಆಡದಿದ್ದರೆ ಆಗುವುದೇನು? ದೇಹದ ದೊಡ್ಡ ಸ್ನಾಯುಗಳು ಇರುವುದು ತೊಡೆ ಮತ್ತು ಪೃಷ್ಠಭಾಗದಲ್ಲಿ. ಅವು ಸಂಕುಚಿಸಿದಾಗಲೆಲ್ಲ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ಒತ್ತುತ್ತವೆ. ಗಂಟೆಗಟ್ಟಲೆ ಕೂತರೆ ಈ ಎರಡೂ ಕೆಲಸಗಳು ಮಂದವಾಗುತ್ತವೆ. ರಕ್ತದಲ್ಲಿ ಸಕ್ಕರೆ, ಕೊಬ್ಬು ಹೆಚ್ಚು ಹೊತ್ತು ಉಳಿಯುತ್ತವೆ.

ಹಳಬರಿಗೂ ಗೊತ್ತಿತ್ತು

ನಮ್ಮ ದೇಶದ ಪ್ರಾಚೀನ ವೈದ್ಯರಿಗೆ ಇದು ಹೊಸ ವಿಷಯವಲ್ಲ. ಮೂತ್ರ ಸಂಬಂಧಿ ರೋಗಗಳನ್ನು ಆಯುರ್ವೇದ 'ಪ್ರಮೇಹ' ಎಂದು ಕರೆಯುತ್ತದೆ. ಇಂದಿನ ಸಕ್ಕರೆ ಕಾಯಿಲೆಯನ್ನು ಹೋಲುವ ಲಕ್ಷಣಗಳು ಅದರಲ್ಲಿವೆ. ಅದರ ಕಾರಣಗಳನ್ನು ಹೇಳುವಾಗ ಚರಕ ಸಂಹಿತೆ ಕೂತಿರುವ ಸುಖವನ್ನೂ ನಿದ್ದೆಯ ಸುಖವನ್ನೂ ಮೊದಲಿಗೇ ಹೆಸರಿಸುತ್ತದೆ. ಸುಶ್ರುತ ಸಂಹಿತೆ ಸೂಚಿಸುವ ಚಿಕಿತ್ಸೆಯಂತೂ ಇನ್ನೂ ಕಠಿಣ. ದಿಕ್ಕಿಲ್ಲದ ಬಡರೋಗಿ ಕೊಡೆ, ಪಾದರಕ್ಷೆ ಇಲ್ಲದೆ ಊರಿಗೊಂದು ರಾತ್ರಿ ತಂಗುತ್ತಾ ನೂರು ಯೋಜನ ನಡೆಯಬೇಕು. ಇಲ್ಲವೇ ಬಾವಿ ತೋಡಬೇಕು. ಹಾಗೆಂದು ಅತಿಯೂ ಬೇಡ. ಶಕ್ತಿಯ ಅರ್ಧದಷ್ಟು ವ್ಯಾಯಾಮ ಸಾಕು ಎನ್ನುತ್ತಾನೆ ವಾಗ್ಭಟ.

ಮಕ್ಕಳ ಕಣ್ಣು

ದೊಡ್ಡವರಿಗೆ ಹೃದಯದ ಚಿಂತೆಯಾದರೆ ಮಕ್ಕಳ ವಿಷಯದಲ್ಲಿ ಕಣ್ಣಿನ ಚಿಂತೆಯೂ ಸೇರಿದೆ. ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷಕ್ಕೆ ಓದು ಹೆಚ್ಚಾದದ್ದೇ ಕಾರಣ ಎಂದು ಬಹುಕಾಲ ನಂಬಲಾಗಿತ್ತು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಸಿಡ್ನಿ ಮತ್ತು ಸಿಂಗಪುರದಲ್ಲಿ ಬೆಳೆಯುತ್ತಿದ್ದ ಚೀನೀ ಮೂಲದ 6-7 ವರ್ಷದ ಮಕ್ಕಳನ್ನು ಅಲ್ಲಿ ಹೋಲಿಸಲಾಗಿತ್ತು. ಸಿಂಗಪುರದ ಮಕ್ಕಳಲ್ಲಿ ಶೇ. 29ರಷ್ಟು ಮಂದಿಗೆ ಈ ದೋಷ, ಸಿಡ್ನಿಯಲ್ಲಿ ಶೇ. 3.3 ಮಾತ್ರ. ಪುಸ್ತಕ ಹೆಚ್ಚು ಓದುತ್ತಿದ್ದವರು ಸಿಡ್ನಿಯ ಮಕ್ಕಳೇ! ಆದರೆ ಅವರು ವಾರಕ್ಕೆ ಸುಮಾರು 14 ಗಂಟೆ ಬಯಲಿನಲ್ಲಿರುತ್ತಿದ್ದರು. ಸಿಂಗಪುರದವರು ಸುಮಾರು 3 ಗಂಟೆ.

ರಹಸ್ಯ ಇರುವುದು ಹಗಲಿನ ಬೆಳಕಿನಲ್ಲಿ. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಇದ್ದರೆ, ಹೊರಗೆ ಅದು ಹತ್ತು ಸಾವಿರವನ್ನು ಸುಲಭವಾಗಿ ಮೀರುತ್ತದೆ. ಪ್ರಖರ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುತ್ತದೆ. ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುವುದನ್ನು ಅದು ತಡೆಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಹೀಗಾಗಿ ಒಳಾಂಗಣದಲ್ಲಿ ಎಷ್ಟೇ ಆಡಿದರೂ ಕಣ್ಣಿಗೆ ಈ ಲಾಭವಿಲ್ಲ. ಚೀನಾದ ಗುವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಲಾಯಿತು. ಅರ್ಧದಷ್ಟು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ಪಾಠವನ್ನು ಹೆಚ್ಚುವರಿಯಾಗಿ ಇಟ್ಟರು. ಮೂರು ವರ್ಷದ ನಂತರ ನೋಡಿದರೆ, ಹೊರಗೆ ಹೋದವರಲ್ಲಿ ಶೇ. 30ರಷ್ಟು ಮಕ್ಕಳಿಗೆ ದೋಷ ಬಂದಿತ್ತು. ಉಳಿದ ಶಾಲೆಗಳಲ್ಲಿ ಶೇ. 39.5ರಷ್ಟು. ತೈವಾನ್ 2010ರಿಂದ ಶಾಲಾಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಾಂಗಣ ವಾಸದ ಕಾರ್ಯಕ್ರಮ ಜಾರಿಗೆ ತಂದಿತು. ಅಲ್ಲಿ ವರ್ಷ ವರ್ಷವೂ ಏರುತ್ತಿದ್ದ ಮಕ್ಕಳ ದೃಷ್ಟಿದೋಷ ಆಮೇಲೆ ಇಳಿಯತೊಡಗಿತು.

ಲಗೋರಿ, ಚಿನ್ನಿದಾಂಡು, ಕುಂಟಾಬಿಲ್ಲೆ, ಮರಕೋತಿ ಆಡುತ್ತಿದ್ದ ನಮ್ಮ ಮಕ್ಕಳಿಗೆ ಓಟವೂ ಬೆಳಕೂ ಯಾರೂ ಹೇಳದೆಯೇ ಸಿಗುತ್ತಿದ್ದವು. ಆ ಹೊತ್ತನ್ನು ಈಗ ಪರದೆ ಕಸಿದುಕೊಂಡಿದೆ. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಒಂದು ವರ್ಷದೊಳಗಿನ ಕೂಸಿಗೆ ಅದು ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿತು. ಮೊಬೈಲ್ ತೋರಿಸದಿದ್ದರೆ ಮಗು ತುತ್ತು ನುಂಗುವುದಿಲ್ಲ ಎನ್ನುವ ಮನೆಗಳು ಈಗ ಎಲ್ಲ ಊರುಗಳಲ್ಲೂ ಇವೆ.

ಯಾರ ಹೊಣೆ?

ಇದನ್ನೆಲ್ಲ ವ್ಯಕ್ತಿಯ ಆಲಸ್ಯದ ತಲೆಗೆ ಕಟ್ಟುವುದು ಸುಲಭ. ಆದರೆ ಅಂಕಿ ಅಂಶಗಳು ಬೇರೆಯದನ್ನೂ ಹೇಳುತ್ತವೆ. 2024ರಲ್ಲಿ 'ಲ್ಯಾನ್ಸೆಟ್' ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇ. 42 ಆದರೆ ಹೆಂಗಸರಲ್ಲಿ ಶೇ. 57. ಮನೆಗೆಲಸ ಮುಗಿಸಿ ಹೊರಗೆ ಕಾಲಿಡಲು ಹೆಂಗಸರಿಗೆ ಬಿಡುವೂ ಬೇಕು, ಬೀದಿದೀಪವೂ ಬೇಕು, ಭಯವಿಲ್ಲದೆ ನಡೆಯುವ ದಾರಿಯೂ ಬೇಕು. ಒರಳು, ಬೀಸುವ ಕಲ್ಲು, ಸೇದುವ ಬಾವಿಯ ಕಾಲ ಮತ್ತೆ ಬರಲಿ ಎಂದು ಯಾವ ಹೆಣ್ಣುಮಗಳೂ ಬಯಸಲಾರಳು. ಬಯಸಬೇಕಾಗಿಯೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ. ಜಿಮ್ಮೂ ಬೇಡ, ದುಬಾರಿ ಬೂಟೂ ಬೇಡ. ಲಂಡನ್ನಿನ ಕಂಡಕ್ಟರ್ ಕೂಡ ವ್ಯಾಯಾಮ ಮಾಡುತ್ತಿದ್ದೇನೆಂದು ಮೆಟ್ಟಿಲು ಹತ್ತಿದವನಲ್ಲ. ಆತನ ಕೆಲಸವೇ ಹಾಗಿತ್ತು. ಆ ಕೆಲಸವೂ ಈಗಿಲ್ಲ; ಕಂಡಕ್ಟರ್ ಇರುತ್ತಿದ್ದ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರಿನಲ್ಲಿ ಸಾಮಾನ್ಯ ಮಾರ್ಗಗಳಿಂದ ನಿವೃತ್ತವಾದವು. ದುಡಿಮೆಯಿಂದ ಓಡಾಟ ಹೋದ ಮೇಲೆ ಅದಕ್ಕೆ ಊರಿನಲ್ಲಿ ಜಾಗ ಮಾಡಿಕೊಡಲೇಬೇಕು.

ಆಟದ ಬಯಲುಗಳನ್ನು, ಉದ್ಯಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಕಾಯ್ದೆಯ ಜೊತೆಗೆ ಬೇಕಾದುದು ವಾಹನಗಳು ಏರದ ಫುಟ್‌ಪಾತ್, ಹೆಂಗಸರು ಹಿರಿಯರು ಹೆದರದೆ ಕೂತೆದ್ದು ಅಡ್ಡಾಡುವ ಪಾರ್ಕು. ಶಾಲೆ ಬಿಟ್ಟ ಮೇಲೆ ಬೀಗ ಬೀಳುವ ಮೈದಾನದ ಗೇಟನ್ನು ಕತ್ತಲಾಗುವವರೆಗೆ ಓಣಿಯ ಮಕ್ಕಳಿಗೆ ತೆರೆದಿಡಲು ದೊಡ್ಡ ಖರ್ಚೇನೂ ಬೇಕಿಲ್ಲ.