ಒಂದು ಚೌಕ, ಮೂರು ಆದೇಶ: ಪರದೆಯ ಮೇಲಿನ ಬಣ್ಣಗಳ ಜಗಳ ಬಿಡಿಸುವ ಬಗೆ

ರಸಪ್ರಶ್ನೆ ತಂತ್ರಾಂಶದಲ್ಲಿ ಬಣ್ಣ ಶಿಕ್ಷಕರ ಮಾತಿನ ಕೆಲಸ ಮಾಡುತ್ತದೆ. ಮಗು ಒತ್ತಿದ ಉತ್ತರ ಹಸಿರಾದರೆ ‘ಸರಿ’ ಎಂದಂತೆ, ಕೆಂಪಾದರೆ ‘ಇನ್ನೊಮ್ಮೆ ಯೋಚಿಸು’ ಎಂದಂತೆ. ಹಸಿರಾದ ಚೌಕ ಮರುಕ್ಷಣವೇ ಬೆಳ್ಳಗಾಗಿಬಿಟ್ಟರೆ ಮಗು ಅದನ್ನು ಏನೆಂದು ಓದಬೇಕು? ಹೇಳಿದ ಮಾತನ್ನು ಶಿಕ್ಷಕರೇ ಹಿಂದೆ ತೆಗೆದುಕೊಂಡ ಹಾಗಾಗುತ್ತದೆ. ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಹೀಗೆ ಬಣ್ಣಗಳು ಒಂದನ್ನೊಂದು ಅಳಿಸುವುದೇಕೆ, ಕಾರಣವನ್ನು ಹಂತಹಂತವಾಗಿ ಹುಡುಕುವುದು ಹೇಗೆ, ಅದನ್ನೇ ಒಂದು ಪಾಠವಾಗಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಸಮಸ್ಯೆ ಕಂಡ ಬಗೆ

ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ, 10ನೇ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠದ ಪುನರಾವರ್ತನೆಗೆ ಪ್ರಯೋಗಾಲಯದ ಕಂಪ್ಯೂಟರ್‌ಗಳಲ್ಲಿದ್ದ ಒಂದು ರಸಪ್ರಶ್ನೆ ತಂತ್ರಾಂಶವನ್ನು ಬಳಸಿದೆವು. ಹಿಂದಿನ ವರ್ಷದ ಪ್ರಶಿಕ್ಷಣಾರ್ಥಿಗಳು ಸಿದ್ಧಪಡಿಸಿ ಬಿಟ್ಟುಹೋಗಿದ್ದ ತಂತ್ರಾಂಶವದು. ಪ್ರಶ್ನೆಯ ಕೆಳಗೆ ನಾಲ್ಕು ಚೌಕಗಳು, ಪ್ರತಿ ಚೌಕದಲ್ಲಿ ಒಂದು ಉತ್ತರ. ಮೌಸ್ ಚೌಕದ ಮೇಲೆ ಬಂದರೆ ಹಳದಿ, ಹೊರಗೆ ಹೋದರೆ ಬಿಳಿ, ಸರಿಯುತ್ತರ ಒತ್ತಿದರೆ ಹಸಿರು, ತಪ್ಪಾದರೆ ಕೆಂಪು.

ಆಮ್ಲವು ನೀಲಿ ಲಿಟ್ಮಸ್ ಕಾಗದವನ್ನು ಯಾವ ಬಣ್ಣಕ್ಕೆ ತಿರುಗಿಸುತ್ತದೆ ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿನಿ ‘ಕೆಂಪು’ ಎಂಬುದನ್ನು ಒತ್ತಿದಳು. ಚೌಕ ಹಸಿರಾಯಿತು. ಮುಂದಿನ ಪ್ರಶ್ನೆಗೆಂದು ಮೌಸ್ ಸರಿಸಿದಳು, ಚೌಕ ಬೆಳ್ಳಗಾಯಿತು. ಅವಳು ಸ್ವಲ್ಪ ಹೊತ್ತು ನೋಡಿ, ‘ನೀಲಿಯೇ ಉಳಿಯುತ್ತದೆ’ ಎಂಬ ಇನ್ನೊಂದು ಉತ್ತರವನ್ನು ಒತ್ತಿದಳು. ಗೊತ್ತಿದ್ದ ಉತ್ತರವನ್ನು ಅವಳು ಕೈಬಿಟ್ಟದ್ದು ತಂತ್ರಾಂಶದ ಬಣ್ಣ ನೋಡಿ. ಹಾಗಾಗಿ ಇದು ಪರದೆಯ ಅಂದಚಂದದ ಪ್ರಶ್ನೆಯಾಗಿ ಉಳಿಯಲಿಲ್ಲ. ಹಿಮ್ಮಾಹಿತಿ ತಪ್ಪಿದ ಪ್ರಶ್ನೆಯಾಯಿತು.

ಒಳಗೆ ನಡೆಯುವುದೇನು?

ಈ ತಂತ್ರಾಂಶ ಮೈಕ್ರೋಸಾಫ್ಟ್‌ನ ವಿಂಡೋಸ್ ಪ್ರೆಸೆಂಟೇಷನ್ ಫೌಂಡೇಷನ್, ಅಂದರೆ ಡಬ್ಲ್ಯುಪಿಎಫ್‌ನಲ್ಲಿ ಬರೆದದ್ದು. 2006ರಲ್ಲಿ ಡಾಟ್‌ನೆಟ್ 3.0 ಜೊತೆಗೆ ಬಂದ ಈ ವ್ಯವಸ್ಥೆಯಲ್ಲಿ ಚೌಕದ ಹಿನ್ನೆಲೆ, ಅಂಚು, ಅಗಲ ಇವೆಲ್ಲ ‘ಪ್ರಾಪರ್ಟಿ’ಗಳು, ಅಂದರೆ ಗುಣಗಳು. ಒಂದು ಗುಣದ ಬೆಲೆಯನ್ನು ನಿಗದಿತ ಸಮಯದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸುವುದೇ ಅನಿಮೇಷನ್. ಬಣ್ಣಕ್ಕೆ ‘ಕಲರ್‌ಅನಿಮೇಷನ್’ ಇದೆ. ಅದನ್ನು ನಡೆಸುವ ಕಟ್ಟಿಗೆ ‘ಸ್ಟೋರಿಬೋರ್ಡ್’ ಎಂದು ಹೆಸರು.

ನಮ್ಮ ಚೌಕದಲ್ಲಿ ಹಳದಿ, ಬಿಳಿ ಮತ್ತು ಫಲಿತಾಂಶದ ಬಣ್ಣ, ಹೀಗೆ ಮೂರು ಸ್ಟೋರಿಬೋರ್ಡ್‌ಗಳು ಒಂದೇ ಗುಣವನ್ನು, ಅಂದರೆ ಹಿನ್ನೆಲೆಯ ಬ್ರಷ್‌ನ ಬಣ್ಣವನ್ನು, ಹಿಡಿದಿದ್ದವು. ಒಂದೇ ಗುಣದ ಮೇಲೆ ಹೊಸ ಅನಿಮೇಷನ್ ಶುರುವಾದಾಗ ಹಳೆಯದನ್ನು ಏನು ಮಾಡಬೇಕು ಎಂಬುದಕ್ಕೆ ಡಬ್ಲ್ಯುಪಿಎಫ್‌ನಲ್ಲಿ ‘ಹ್ಯಾಂಡ್‌ಆಫ್ ಬಿಹೇವಿಯರ್’ ಎಂಬ ನಿಯಮವಿದೆ. ನಾವು ಏನೂ ಹೇಳದಿದ್ದರೆ ‘ಸ್ನ್ಯಾಪ್‌ಶಾಟ್ ಆ್ಯಂಡ್ ರಿಪ್ಲೇಸ್’ ನಡೆಯುತ್ತದೆ: ಆ ಕ್ಷಣದ ಬಣ್ಣವನ್ನು ಗುರುತು ಹಾಕಿಕೊಂಡು, ಹಳೆಯ ಅನಿಮೇಷನ್ ತೆಗೆದುಹಾಕಿ, ಅಲ್ಲಿಂದಲೇ ಹೊಸದು ಮುಂದುವರಿಯುತ್ತದೆ. ಮೌಸ್ ಬಂದಾಗ ಹಳದಿ, ಒತ್ತಿದಾಗ ಹಳದಿಯಿಂದ ಹಸಿರು, ಮೌಸ್ ಹೋದಾಗ ಹಸಿರಿನಿಂದ ಬಿಳಿ. ಕಂಪ್ಯೂಟರ್ ಎಲ್ಲಿಯೂ ಎಡವಿಲ್ಲ. ಕೊನೆಗೆ ಬಂದ ಆದೇಶವನ್ನು ಪಾಲಿಸಿದೆ, ಅಷ್ಟೇ. ‘ಉತ್ತರ ಸರಿ’ ಎಂಬುದು ‘ಮೌಸ್ ಹೊರಗೆ ಹೋಯಿತು’ ಎಂಬುದಕ್ಕಿಂತ ಮುಖ್ಯ ಎಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ.

ನಮ್ಮೂರಿನ ಮಕ್ಕಳಿಗೆ ಇದನ್ನು ಮಗ್ಗದ ಉದಾಹರಣೆಯಿಂದ ಹೇಳಿದರೆ ಬೇಗ ಹಿಡಿಯುತ್ತದೆ. ಹಾಸಿನ ಎಳೆಗಳು ಬಿಟ್ಟುಕೊಟ್ಟ ದಾರಿಯಲ್ಲಿ ಒಂದು ಸಲಕ್ಕೆ ಒಂದೇ ಲಾಳಿ ಹಾಯುತ್ತದೆ. ಹಳದಿ ಹೊಕ್ಕಿನ ಲಾಳಿಗೂ ಹಸಿರು ಹೊಕ್ಕಿನ ಲಾಳಿಗೂ ಅದೇ ಹೊತ್ತಿಗೆ ಅದೇ ದಾರಿ ಸಿಗುವುದಿಲ್ಲ. ಹೋಲಿಕೆಯ ಮಿತಿಯನ್ನೂ ಹೇಳಬೇಕು. ಮಗ್ಗದಲ್ಲಿ ಹಿಂದೆ ಹಾಯ್ದ ಹೊಕ್ಕು ಬಟ್ಟೆಯಲ್ಲಿ ಉಳಿಯುತ್ತದೆ, ಪರದೆಯಲ್ಲಿ ಹಿಂದಿನ ಬಣ್ಣ ಉಳಿಯುವುದಿಲ್ಲ.

ಎರಡನೆಯ ಜಗಳ: ಹಿಡಿದು ಬಿಡದ ಬಣ್ಣ

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತೊಂದರೆಯೂ ಅದೇ ತಂತ್ರಾಂಶದಲ್ಲಿತ್ತು. ಮುಂದಿನ ಪ್ರಶ್ನೆ ಬಂದಾಗ ನಾಲ್ಕೂ ಚೌಕಗಳ ಬ್ರಷ್ ಬಿಳಿಯಾಗಲಿ ಎಂದು ಒಂದು ಸಾಲು ಬರೆದಿದ್ದರು. ಆದರೂ ಮೌಸ್ ಕದಲದೆ ಅಲ್ಲೇ ಇದ್ದರೆ ಹಳೆಯ ಹಸಿರು ಹೊಸ ಪ್ರಶ್ನೆಯಲ್ಲೂ ನಿಂತಿರುತ್ತಿತ್ತು. ಆ ಸಾಲು ಓಡುತ್ತದೆ, ದೋಷಸೂಚನೆ ಬರುವುದಿಲ್ಲ, ಬಣ್ಣ ಮಾತ್ರ ಬದಲಾಗುವುದಿಲ್ಲ.

ಕಾರಣ ‘ಫಿಲ್ ಬಿಹೇವಿಯರ್’. ಅದರ ಸಹಜ ಬೆಲೆ ‘ಹೋಲ್ಡ್‌ಎಂಡ್’: ಅನಿಮೇಷನ್‌ನ ಸಮಯ ಮುಗಿದರೂ ಅದು ತನ್ನ ಕೊನೆಯ ಬೆಲೆಯನ್ನು ಹಿಡಿದೇ ಇರುತ್ತದೆ. ಒಂದು ಗುಣಕ್ಕೆ ಹಲವು ಕಡೆಯಿಂದ ಬೆಲೆ ಬಂದಾಗ ಡಬ್ಲ್ಯುಪಿಎಫ್ ಆದ್ಯತೆಯ ಕ್ರಮವೊಂದನ್ನು ಅನುಸರಿಸುತ್ತದೆ. ಅದರಲ್ಲಿ ಅನಿಮೇಷನ್ ಕೊಟ್ಟ ಬೆಲೆ, ನಾವು ನೇರವಾಗಿ ಬರೆದ ಬೆಲೆಗಿಂತ ಮೇಲಿದೆ. ಸ್ಟೈಲ್‌ನಿಂದ ಬಂದದ್ದು ಇನ್ನೂ ಕೆಳಗೆ. ನಾವು ಬರೆದ ಬಿಳಿ ಕೆಳಗಿನ ಪದರದಲ್ಲಿ ಸೇರಿರುತ್ತದೆ, ಮೇಲಿನ ಹಸಿರು ಅದನ್ನು ಮುಚ್ಚಿರುತ್ತದೆ.

ಪತ್ತೆ ಹಚ್ಚುವ ಹಂತಗಳು

ವಿಜ್ಞಾನ ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಚರಾಂಶವನ್ನು ಬದಲಿಸುತ್ತೇವೆ. ಇಲ್ಲಿಯೂ ಅದೇ ಶಿಸ್ತು ಬೇಕು. ಮಕ್ಕಳ ಮೊದಲ ಊಹೆಗಳು ‘ಮೌಸ್ ಕೆಟ್ಟಿದೆ’, ‘ಕಂಪ್ಯೂಟರ್ ನಿಧಾನ’ ಎಂದಿದ್ದವು. ಅವನ್ನು ತಳ್ಳಿಹಾಕದೆ ಪರೀಕ್ಷೆಗೆ ಒಳಪಡಿಸಿದೆವು.

1. ನಿಧಾನ ಮಾಡಿ ನೋಡುವುದು. ಅನಿಮೇಷನ್ ಅವಧಿಯನ್ನು 0.3 ಸೆಕೆಂಡಿನಿಂದ 5 ಸೆಕೆಂಡಿಗೆ ಹೆಚ್ಚಿಸಿದರೆ ಯಾವ ಬಣ್ಣ ಯಾವಾಗ ಹೊರಟಿತು, ಎಲ್ಲಿ ತುಂಡಾಯಿತು ಎಂಬುದು ಬರಿಗಣ್ಣಿಗೆ ಕಾಣುತ್ತದೆ.

2. ಘಟನೆಗಳ ಕ್ರಮ ಬರೆಯುವುದು. ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ‘ಬಂತು, ಒತ್ತಿದೆ, ಹೋಯಿತು’ ಎಂದು ಬರೆದು, ಪ್ರತಿಯೊಂದರ ಮುಂದೆ ಕಂಡ ಬಣ್ಣವನ್ನು ನಮೂದಿಸಬೇಕು.

3. ಕೈ ತೆಗೆದು ನೋಡುವುದು. ಉತ್ತರ ಒತ್ತಿ ಮೌಸ್ ಮುಟ್ಟದೆ ಬಿಟ್ಟಾಗ ಹಸಿರು ಹಾಗೇ ನಿಂತಿತು. ‘ಕಂಪ್ಯೂಟರ್ ನಿಧಾನ’ ಎಂಬ ಊಹೆ ಇಲ್ಲಿಗೆ ಬಿತ್ತು. ಬೇರೆ ಮೌಸ್ ಹಾಕಿದಾಗಲೂ ಅದೇ ಫಲಿತಾಂಶ ಬಂದು ಇನ್ನೊಂದು ಊಹೆಯೂ ಬಿತ್ತು.

4. ಒಂದೊಂದನ್ನೇ ತೆಗೆಯುವುದು. ಮೌಸ್ ಹೋದಾಗಿನ ಸ್ಟೋರಿಬೋರ್ಡ್ ಒಂದನ್ನು ಮಾತ್ರ ನಿಲ್ಲಿಸಿದರೆ ಹಸಿರು ಉಳಿಯುತ್ತದೆ. ಹಸಿರನ್ನು ಅಳಿಸುತ್ತಿದ್ದದ್ದು ಯಾವುದೆಂದು ಗೊತ್ತಾಯಿತು.

5. ಒಡೆಯರ ಪಟ್ಟಿ ಮಾಡುವುದು. ಎಡಗಡೆ ಗುಣ, ಬಲಗಡೆ ಅದನ್ನು ಬದಲಿಸುವ ಎಲ್ಲ ಸ್ಟೋರಿಬೋರ್ಡ್‌ಗಳು ಮತ್ತು ಕೋಡ್‌ನ ಸಾಲುಗಳು. ಯಾವ ಗುಣದ ಮುಂದೆ ಒಂದಕ್ಕಿಂತ ಹೆಚ್ಚು ಹೆಸರು ಬಂತೋ ಅಲ್ಲಿ ಜಗಳದ ಸಾಧ್ಯತೆ ಇದೆ.

ಚೌಕದ ಬದಲು ಸಿದ್ಧ ಬಟನ್ ಬಳಸಿದ್ದರೆ ಈ ಪಟ್ಟಿಗೆ ಕಣ್ಣಿಗೆ ಕಾಣದ ಇನ್ನೊಬ್ಬ ಒಡೆಯ ಸೇರುತ್ತಾನೆ. ಬಟನ್‌ನ ಸ್ವಂತ ಟೆಂಪ್ಲೇಟ್ ಮೌಸ್ ಬಂದಾಗ ಒಳಗಿನ ಹಿನ್ನೆಲೆಯನ್ನು ತಾನೇ ಬದಲಿಸುತ್ತದೆ. ನಮ್ಮ ಕೋಡ್‌ನಲ್ಲಿ ಅದು ಎಲ್ಲಿಯೂ ಬರೆದಿರುವುದಿಲ್ಲ.

ಪರಿಹಾರಗಳು

ಮೊದಲ ಪರಿಹಾರ, ಅರ್ಥ ಬೇರೆಯಾದರೆ ಗುಣವನ್ನೂ ಬೇರೆ ಮಾಡುವುದು. ಮೌಸ್ ಎಲ್ಲಿದೆ ಎಂಬುದನ್ನು ಅಂಚಿನ ಬಣ್ಣ ಹೇಳಲಿ, ಉತ್ತರ ಸರಿಯೋ ತಪ್ಪೋ ಎಂಬುದನ್ನು ಹಿನ್ನೆಲೆ ಹೇಳಲಿ. ಸೀರೆಯ ಅಂಚಿಗೆ ಒಂದು ಬಣ್ಣ, ಒಡಲಿಗೆ ಇನ್ನೊಂದು ಇರುವಂತೆ ಎರಡೂ ಒಟ್ಟಿಗೆ ಇರಬಹುದು. ನಮ್ಮ ತಂತ್ರಾಂಶದಲ್ಲಿ ಹಸಿರು ಉಳಿಯಲು ಇಷ್ಟೇ ಸಾಕಾಯಿತು.

ಎರಡನೆಯದು, ಸ್ಥಿತಿಗಳನ್ನು ಗುಂಪು ಮಾಡುವುದು. 2010ರಲ್ಲಿ ಬಂದ ಡಾಟ್‌ನೆಟ್ 4ರಿಂದ ಡಬ್ಲ್ಯುಪಿಎಫ್‌ನಲ್ಲಿ ‘ವಿಷುಯಲ್ ಸ್ಟೇಟ್ ಮ್ಯಾನೇಜರ್’ ಸೇರಿದೆ. ಒಂದು ಗುಂಪಿನಲ್ಲಿ ಒಂದು ಸಲಕ್ಕೆ ಒಂದೇ ಸ್ಥಿತಿ ಜಾರಿಯಲ್ಲಿರುತ್ತದೆ. ಬೇರೆ ಬೇರೆ ಗುಂಪುಗಳ ಸ್ಥಿತಿಗಳು ಒಟ್ಟಿಗೆ ಇರಬಹುದು. ‘ಸಾಮಾನ್ಯ, ಮೌಸ್ ಮೇಲಿದೆ’ ಒಂದು ಗುಂಪು. ‘ಉತ್ತರಿಸಿಲ್ಲ, ಸರಿ, ತಪ್ಪು’ ಇನ್ನೊಂದು ಗುಂಪು. ಎರಡು ಗುಂಪುಗಳು ಒಂದೇ ಗುಣವನ್ನು ಮುಟ್ಟಬಾರದು. ಮುಟ್ಟಿದರೆ ಹಳೆಯ ಜಗಳ ಹೊಸ ಹೆಸರಿನಲ್ಲಿ ಬರುತ್ತದೆ.

ಮೂರನೆಯದು ಎರಡನೆಯ ಜಗಳಕ್ಕೆ ಮದ್ದು: ಕೆಲಸ ಮುಗಿದ ಅನಿಮೇಷನ್‌ನಿಂದ ಗುಣವನ್ನು ಬಿಡಿಸಿಕೊಳ್ಳುವುದು. ‘ಬಿಗಿನ್‌ಅನಿಮೇಷನ್’ ವಿಧಾನಕ್ಕೆ ಅನಿಮೇಷನ್ ಬದಲು ‘ನಲ್’ ಕೊಟ್ಟರೆ ಆ ಗುಣದ ಮೇಲಿನ ಅನಿಮೇಷನ್‌ಗಳು ಕಳಚಿ, ಕೆಳಗೆ ಬರೆದಿದ್ದ ಬಿಳಿ ಕಾಣಿಸುತ್ತದೆ. ಇಲ್ಲವೇ ಮೂಲ ಬೆಲೆಯನ್ನೇ ಹಸಿರು ಮಾಡಿ, ಅನಿಮೇಷನ್‌ನ ಫಿಲ್ ಬಿಹೇವಿಯರ್ ‘ಸ್ಟಾಪ್’ ಎಂದಿಟ್ಟರೆ, ಅವಧಿ ಮುಗಿದ ಮೇಲೆ ಮೂಲ ಹಸಿರೇ ಕಾಣುತ್ತದೆ ಮತ್ತು ಮುಂದೆ ಅದನ್ನು ಸುಲಭವಾಗಿ ಬದಲಿಸಬಹುದು.

‘ಕಂಪೋಸ್’ ಎಂಬ ಇನ್ನೊಂದು ಹ್ಯಾಂಡ್‌ಆಫ್ ಆಯ್ಕೆಯನ್ನು ನೋಡಿ, ಅದು ಎರಡೂ ಬಣ್ಣಗಳನ್ನು ರಾಜಿ ಮಾಡಿಸುತ್ತದೆ ಎಂದು ನಂಬುವುದುಂಟು. ಅದು ಹಳೆಯ ಅನಿಮೇಷನ್‌ನ ಫಲಿತಾಂಶವನ್ನು ಹೊಸದಕ್ಕೆ ಆರಂಭವಾಗಿ ಕೊಡುತ್ತದೆ, ಬದಲಾವಣೆ ನಯವಾಗುತ್ತದೆ. ಆದರೆ ಹೊಸದರ ಗುರಿ ಬಿಳಿಯಾಗಿದ್ದರೆ ಕೊನೆಗೆ ಉಳಿಯುವುದು ಬಿಳಿಯೇ. ಹಳೆಯ ಅನಿಮೇಷನ್‌ಗಳು ಜೀವಂತವಾಗಿ ಉಳಿದು ಸ್ಮರಣೆಯನ್ನೂ ಹಿಡಿದಿರುತ್ತವೆ.

ವಿಂಡೋಸ್ ಇಲ್ಲದ ಪ್ರಯೋಗಾಲಯದಲ್ಲಿ ಪೈಥಾನ್‌ನ ಟಿಕಿಂಟರ್ ಬಳಸುವವರಿಗೆ ಒಂದು ಮಾತು. ಅಲ್ಲಿ ಸಿದ್ಧ ಬಣ್ಣ ಅನಿಮೇಷನ್ ಇಲ್ಲ. ‘ಆಫ್ಟರ್’ ಎಂಬ ವಿಧಾನದಿಂದ ಇಷ್ಟು ಮಿಲಿಸೆಕೆಂಡಿಗೊಮ್ಮೆ ಬಣ್ಣ ಬದಲಿಸುತ್ತೇವೆ. ಎರಡು ಸರಣಿಗಳು ಒಂದೇ ಚೌಕದ ಮೇಲೆ ಓಡಿದರೆ ಚೌಕ ಮಿನುಗತೊಡಗುತ್ತದೆ. ‘ಆಫ್ಟರ್’ ಹಿಂತಿರುಗಿಸುವ ಗುರುತನ್ನು ಉಳಿಸಿಕೊಂಡು, ಹೊಸ ಸರಣಿ ಆರಂಭಿಸುವ ಮೊದಲು ‘ಆಫ್ಟರ್ ಕ್ಯಾನ್ಸಲ್’ನಿಂದ ಹಳೆಯದನ್ನು ನಿಲ್ಲಿಸಬೇಕು.

ತರಗತಿಯಲ್ಲಿ ಒಂದು ಚಟುವಟಿಕೆ

ಇದನ್ನು 5ಇ ಮಾದರಿಯಲ್ಲಿ ಒಂದು ಅವಧಿಯ ಪಾಠವಾಗಿ ಯೋಜಿಸಬಹುದು. ತೊಡಗಿಸಿಕೊಳ್ಳುವ ಹಂತದಲ್ಲಿ ದೋಷವಿರುವ ತಂತ್ರಾಂಶವನ್ನೇ ತೋರಿಸಿ, ಊಹೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದು. ಅನ್ವೇಷಣೆಯಲ್ಲಿ ಕಂಪ್ಯೂಟರ್ ಇಲ್ಲದ ಆಟ: ಒಬ್ಬ ವಿದ್ಯಾರ್ಥಿ ‘ಚೌಕ’, ಮೂವರು ಹಳದಿ, ಬಿಳಿ, ಹಸಿರು ಕಾಗದ ಹಿಡಿದ ‘ಆದೇಶ’ಗಳು. ಚೌಕದ ನಿಯಮ ಒಂದೇ, ಕೊನೆಗೆ ಕೊಟ್ಟ ಕಾಗದವನ್ನು ಮಾತ್ರ ಹಿಡಿಯುವುದು. ಎರಡು ಸುತ್ತು ಆಡುವಷ್ಟರಲ್ಲಿ ‘ಎರಡು ಕೈ ಇದೆಯಲ್ಲ, ಹಳದಿಗೆ ಒಂದು ಕೈ, ಹಸಿರಿಗೆ ಇನ್ನೊಂದು ಕೊಡೋಣ’ ಎಂದು ಮಕ್ಕಳೇ ಹೇಳುತ್ತಾರೆ. ಅಂಚು ಮತ್ತು ಹಿನ್ನೆಲೆಯನ್ನು ಬೇರ್ಪಡಿಸುವ ಪರಿಹಾರ ಅದೇ. ವಿವರಿಸುವ ಹಂತದಲ್ಲಿ ಅದಕ್ಕೆ ಪಾರಿಭಾಷಿಕ ಹೆಸರುಗಳನ್ನು ಕೊಟ್ಟು, ವಿಸ್ತರಣೆಯಲ್ಲಿ ಒಡೆಯರ ಪಟ್ಟಿಯನ್ನು ಬರೆಸಬಹುದು. ಮೌಲ್ಯಮಾಪನಕ್ಕೆ ಹೊಸ ಪ್ರಸಂಗ ಕೊಡಬೇಕು: ಸಮಯ ಮುಗಿಯುತ್ತಿದೆ ಎಂದು ಕಿತ್ತಳೆ ಬಣ್ಣ ತೋರಿಸಬೇಕಾದರೆ ಅದನ್ನು ಯಾವ ಗುಣಕ್ಕೆ ಕೊಡುತ್ತೀರಿ, ಏಕೆ?

ಇದರ ಜೊತೆಗೆ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಗುರುತಿಸಲಾಗದ ಮಕ್ಕಳು, ಅದರಲ್ಲೂ ಹೆಚ್ಚಾಗಿ ಹುಡುಗರು, ನಮ್ಮ ತರಗತಿಗಳಲ್ಲಿ ಇರುತ್ತಾರೆ. ಅನಿಮೇಷನ್ ಎಷ್ಟೇ ಸರಿಯಿದ್ದರೂ ಅವರಿಗೆ ಬಣ್ಣವೊಂದೇ ಸಾಲದು. ಚೌಕದೊಳಗೆ ‘ಸರಿ’ ಅಥವಾ ‘ತಪ್ಪು’ ಎಂಬ ಪದ ಮೂಡಿ ಅಲ್ಲೇ ನಿಲ್ಲಬೇಕು.

ಸಿದ್ಧ ತಂತ್ರಾಂಶವನ್ನು ತರಗತಿಗೆ ಒಯ್ಯುವ ಮೊದಲು ಪ್ರಶ್ನೆಗಳನ್ನು, ಕಾಗುಣಿತವನ್ನು ಪರಿಶೀಲಿಸುವ ರೂಢಿ ನಮ್ಮಲ್ಲಿದೆ. ಹಿಮ್ಮಾಹಿತಿಯನ್ನೂ ಪರಿಶೀಲಿಸುವ ರೂಢಿ ಬೇಕು. ಸರಿಯುತ್ತರ ಒತ್ತಿ ಮೌಸ್ ಹೊರಗೆ ಸರಿಸಿ ನೋಡುವುದು, ಮತ್ತೆ ಒಳಗೆ ತಂದು ನೋಡುವುದು, ಮೌಸ್ ಕದಲಿಸದೆ ಮುಂದಿನ ಪ್ರಶ್ನೆಗೆ ಹೋಗಿ ನೋಡುವುದು. ಈ ಮೂರಕ್ಕೆ ಒಂದು ನಿಮಿಷ ಸಾಕು. ಪಾಠ ಯೋಜನೆಯ ‘ಬೋಧನೋಪಕರಣಗಳು’ ಎಂಬ ಕಲಮಿನ ಪಕ್ಕದಲ್ಲಿ ‘ಹಿಮ್ಮಾಹಿತಿ ಪರಿಶೀಲಿಸಲಾಗಿದೆ’ ಎಂಬ ಒಂದು ಸಾಲು ಸೇರಿಸಿಕೊಂಡರೆ ಈ ಕೆಲಸ ಮರೆತುಹೋಗುವುದಿಲ್ಲ.